ಸೋಫಾದಿಂದ ಅಳತೆ ಶುರುಮಾಡು

ಮಗು, ಶಿವಮೊಗ್ಗದ ಮನೆಯ ಹಾಲ್‌ಗೆ ಒಂದು ಕಂಪ್ಯೂಟರ್ ಜೋಡಿಸಬೇಕು, ಟಿವಿಗೇ ಹಾಕಿ ಗೇಮ್ ಆಡಬೇಕು, ಸಿನಿಮಾವನ್ನೂ ಅದರಲ್ಲೇ ನೋಡಬೇಕು ಅಂತ ನೀನು ಕಳಿಸಿದ ಪಟ್ಟಿ ನೋಡಿದೆ. ದೊಡ್ಡ ಗ್ರಾಫಿಕ್ಸ್ ಕಾರ್ಡಿನಿಂದ ಶುರುವಾಗಿ ಬಣ್ಣದ ದೀಪದ ಫ್ಯಾನಿಗೆ ಮುಗಿಯುತ್ತದೆ. ಬಿಡಿಭಾಗ ಒಂದೊಂದೂ ಒಳ್ಳೆಯದೇ. ಆದರೆ ಅದು ನಿನ್ನ ಬೆಂಗಳೂರಿನ ಕೋಣೆಯ ಮೇಜಿಗೆ ಹೊಂದುವ ಪಟ್ಟಿ. ಆ ಮೇಜಿಗೆ ಯಜಮಾನಿ ನೀನೊಬ್ಬಳೇ. ಹಾಲ್‌ನಲ್ಲಿ ಇಟ್ಟದ್ದು ಅಪ್ಪ, ಅಮ್ಮ, ಅಜ್ಜಿ, ಬಂದುಹೋಗುವ ನೆಂಟರು ಎಲ್ಲರ ಕಣ್ಣಿಗೂ ಕಿವಿಗೂ ಬೀಳುತ್ತದೆ, ನೀನು ಊರಲ್ಲಿಲ್ಲದ ದಿನವೂ ಅವರ ಕೈಗೆ ಓಗೊಡಬೇಕಾಗುತ್ತದೆ. ಟಿವಿ ರಿಪೇರಿ ಮಾಡಿಕೊಂಡೇ ಬದುಕು ಕಟ್ಟಿಕೊಂಡ ನಿನ್ನ ಮಾವನ ಮಾತು ಕೇಳುವುದಾದರೆ, ಅಂಗಡಿಯವನ ಪಟ್ಟಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡು. ಸೋಫಾದಲ್ಲಿ ಕೂರುವವರಿಂದ ಲೆಕ್ಕ ಶುರುಮಾಡು.

ಮೊದಲು ಟೇಪು ಹಿಡಿದು ಕೂತವರ ಕಣ್ಣಿಗೂ ಪರದೆಗೂ ಎಷ್ಟು ದೂರ ಅಂತ ಅಳೆ. ನಿಮ್ಮ ಹಾಲ್‌ನಲ್ಲಿ ಅದು ಹತ್ತಡಿ ಹತ್ತಿರ ಬರುತ್ತದೆ. ಟಿವಿ 55 ಇಂಚಿನದು, 4ಕೆ, 60 ಹರ್ಟ್ಸಿನದು. ಒಳ್ಳೆಯ ದೃಷ್ಟಿಯಿರುವ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದವರೆಗಿನ ಸಣ್ಣ ವಿವರವನ್ನು ಬೇರ್ಪಡಿಸಿ ನೋಡಬಲ್ಲದು. ಅದಕ್ಕಿಂತ ಸಣ್ಣದು ಒಂದರಲ್ಲೊಂದು ಬೆರೆತುಹೋಗುತ್ತದೆ. ಈ ಲೆಕ್ಕದಲ್ಲಿ 55 ಇಂಚಿನ ಪರದೆಯ ಮೇಲಿನ 1080 ಸಾಲಿನ ಚಿತ್ರದ ಚುಕ್ಕಿಗಳು ಸುಮಾರು ಏಳಡಿ ದಾಟಿದ ಮೇಲೆ ಬಿಡಿಬಿಡಿಯಾಗಿ ಕಾಣುವುದೇ ಇಲ್ಲ. 1080ರ ಚಿತ್ರದಲ್ಲಿ ಚುಕ್ಕಿ ಸುಮಾರು 21 ಲಕ್ಷ, 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ. ಕಾರ್ಡು ನಾಲ್ಕು ಪಟ್ಟು ದುಡಿಯಬೇಕು, ನೀನು ಅದಕ್ಕೆ ತಕ್ಕ ಹಣ ಸುರಿಯಬೇಕು, ಆಮೇಲೆ ಹತ್ತಡಿ ದೂರದಲ್ಲಿ ಕೂತ ಕಣ್ಣಿಗೆ ಆ ದುಡಿಮೆಯ ಬಹುಪಾಲು ತಲುಪುವುದೇ ಇಲ್ಲ.

ಹಾಗಾಗಿ ಪಟ್ಟಿಯಲ್ಲಿರುವ ಅತಿ ದುಬಾರಿ ಕಾರ್ಡನ್ನು ಕೈಬಿಡು. ನಡುವಿನ ದರ್ಜೆಯದೊಂದು ಸಾಕು. ಆಟವನ್ನು 1080ರಲ್ಲೋ 1440ರಲ್ಲೋ ಚಿತ್ರಿಸಿ, ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ ಮೂಲಕ 4ಕೆಗೆ ಹಿಗ್ಗಿಸಿ ಟಿವಿಗೆ ಕಳಿಸಿದರೆ ಸೋಫಾದಿಂದ ವ್ಯತ್ಯಾಸ ಹುಡುಕುವುದು ಕಷ್ಟ. ಹತ್ತಡಿಯಿಂದಲೂ ಎದ್ದು ಕಾಣುವುದು ಬೇರೆ ಕೆಲವು ಸಂಗತಿಗಳು: ಕಪ್ಪು ಎಷ್ಟು ಕಪ್ಪಾಗಿದೆ, ಬೆಳಕು ಎಷ್ಟು ಬೆಳಗುತ್ತದೆ, ಚಲನೆ ತೊಡರದೆ ಸಾಗುತ್ತದೆಯೇ. ಅವೆಲ್ಲ ಹೆಚ್ಚಾಗಿ ಟಿವಿಯ ಗುಣ. ಹಣ ಉಳಿದರೆ ಮುಂದೊಮ್ಮೆ ಟಿವಿಯನ್ನೇ ಬದಲಿಸು. ಸಿನಿಮಾದ ಪರದೆ ಕಣ್ಣಿಗೆ 30 ಡಿಗ್ರಿಯಷ್ಟಾದರೂ ತುಂಬಬೇಕು ಅಂತ ಒಂದು ರೂಢಿಯ ಅಳತೆ ಇದೆ. ಹತ್ತಡಿಯಲ್ಲಿ ಅದಕ್ಕೆ 75 ಇಂಚು ಬೇಕಾಗುತ್ತದೆ. ಇಲ್ಲವಾದರೆ ಸೋಫಾವನ್ನೇ ಎರಡೂವರೆ ಅಡಿ ಮುಂದೆ ಎಳೆ. ಅದಕ್ಕೆ ಕಾಸು ಬೇಡ.

ಇನ್ನು ಸದ್ದು. ಅಂಗಡಿಯ ಗಲಾಟೆಯಲ್ಲಿ ಯಾವ ಕಂಪ್ಯೂಟರಿನ ಸದ್ದೂ ಕೇಳುವುದಿಲ್ಲ. ರಾತ್ರಿ ಒಂಬತ್ತೂವರೆಗೆ ಸಿನಿಮಾದಲ್ಲಿ ಇಬ್ಬರು ಪಿಸುಗುಟ್ಟುವಾಗ ಅದು ಕೇಳುತ್ತದೆ, ಆಗ ಅಮ್ಮ ಮಾತಾಡದೆ ಎದ್ದು ಒಳಗೆ ಹೋಗುತ್ತಾಳೆ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಆದ್ದರಿಂದ ಸಣ್ಣ ಫ್ಯಾನು ಜೋರಾಗಿ ತಿರುಗುವುದಕ್ಕಿಂತ 120 ಅಥವಾ 140 ಮಿಲಿಮೀಟರಿನ ದೊಡ್ಡ ಫ್ಯಾನು ಮೆಲ್ಲಗೆ ತಿರುಗುವುದು ಒಳ್ಳೆಯದು. ಬಯಾಸ್‌ನಲ್ಲಿ ಫ್ಯಾನಿನ ವೇಗದ ಗೆರೆಯನ್ನು ನೀನೇ ಎಳೆಯಬಹುದು. ಸಿನಿಮಾ ನೋಡುವ ಹೊತ್ತಿನ ಬಿಸಿಗೆ ಫ್ಯಾನು ಏರದಂತೆ ಅದನ್ನು ಚಪ್ಪಟೆ ಮಾಡಿಡು. ಗ್ರಾಫಿಕ್ಸ್ ಕಾರ್ಡಿಗೆ ಕೊಡುವ ವಿದ್ಯುತ್ತಿನ ಮಿತಿಯನ್ನು ಶೇಕಡಾ ಹತ್ತಿಪ್ಪತ್ತು ತಗ್ಗಿಸಿ ನೋಡು, ಆಟದ ವೇಗ ಇಳಿಯುವುದು ಅದಕ್ಕಿಂತ ಕಡಿಮೆ, ಬಿಸಿಯೂ ಸದ್ದೂ ಇಳಿಯುವುದು ನಿಚ್ಚಳ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಹಾಲ್‌ನಲ್ಲಿ ಬೇಡವೇ ಬೇಡ. ಸಿನಿಮಾ ಸಂಗ್ರಹಕ್ಕೆ ಅದು ಬೇಕೇ ಆದರೆ ಬೇರೆ ಕೋಣೆಯಲ್ಲಿಟ್ಟು ನೆಟ್‌ವರ್ಕ್ ಕೇಬಲಿನಲ್ಲಿ ತಂದುಕೋ.

ಕಂಪ್ಯೂಟರನ್ನು ಶೋಕೇಸಿನಲ್ಲಿಡುವ ವಿಷಯದಲ್ಲಿ ಅಮ್ಮನ ಜೊತೆ ಒಂದು ಮಾತಾಡಬೇಕು. ಗಾಜಿನ ಬಾಗಿಲು ಹಾಕಿ, ಗೊಂಬೆಗಳ ಪಕ್ಕ ಅಂದವಾಗಿ ಇಡೋಣ ಅನ್ನುತ್ತಾಳೆ ಅವಳು. ಆಟದ ಹೊತ್ತಿನಲ್ಲಿ 300 ವ್ಯಾಟ್ ಎಳೆಯುವ ಯಂತ್ರ ಆ 300 ವ್ಯಾಟನ್ನೂ ಕೊನೆಗೆ ಬಿಸಿಯಾಗಿಯೇ ಹೊರಗೆ ಬಿಡುತ್ತದೆ. ಬಾಗಿಲು ಮುಚ್ಚಿದ ಗೂಡಿನಲ್ಲಿ ಅದು ಇಡ್ಲಿ ಪಾತ್ರೆಯೊಳಗೆ ಕೂತಂತೆ ಬೇಯುತ್ತದೆ. ಗೂಡಿನ ಹಿಂಬದಿಯ ಪ್ಲೈವುಡ್ ಹಾಳೆಯನ್ನು ಬಡಗಿಯಿಂದ ಕತ್ತರಿಸಿ ತೆಗೆಸು, ಮುಂದಿನ ಗಾಜು ತೆಗೆಸು, ಮೇಲೆ ನಾಲ್ಕು ಬೆರಳು ಜಾಗ ಬಿಡು. ಇನ್ನೊಂದು, ಹಲ್ಲಿ ಮತ್ತು ಜಿರಲೆ. ಬೆಚ್ಚಗಿನ ಪೆಟ್ಟಿಗೆ ಅಂದರೆ ಅವಕ್ಕೆ ಬಲು ಪ್ರೀತಿ. ಪವರ್ ಸಪ್ಲೈ ಒಳಗೆ ಹೊಕ್ಕ ಹಲ್ಲಿಯಿಂದ ಸುಟ್ಟುಹೋದ ಬೋರ್ಡುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗಾಳಿ ಹೊಗುವ ಕಿಂಡಿಗಳಿಗೆಲ್ಲ ಸಣ್ಣ ಕಣ್ಣಿನ ಜಾಲರಿ ಇರುವ ಕ್ಯಾಬಿನೆಟ್ಟನ್ನೇ ಆರಿಸು. ಮೂರ್ನಾಲ್ಕು ತಿಂಗಳಿಗೊಮ್ಮೆ ಧೂಳು ಊದಿಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡಿರು, ಗಾಳಿಯ ರಭಸಕ್ಕೆ ಅದು ಸಿಕ್ಕಾಪಟ್ಟೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಕ್ಯಾಬಿನೆಟ್ ಎಷ್ಟು ಚಿಕ್ಕದಿರಬೇಕು? ಮಿನಿ ಐಟಿಎಕ್ಸ್ ಅನ್ನುವ ಬೋರ್ಡು ಉದ್ದಗಲ 170 ಮಿಲಿಮೀಟರ್, ವಯಾ ಕಂಪನಿ 2001ರಲ್ಲಿ ತಂದ ಅಳತೆ. ನೋಡಲು ಮುದ್ದಾಗಿರುತ್ತದೆ. ಆದರೆ ನಮ್ಮಲ್ಲಿ ಅದರ ಬೋರ್ಡು, ಅದಕ್ಕೆ ತಕ್ಕ ಸಣ್ಣ ಪವರ್ ಸಪ್ಲೈ, ಸಣ್ಣ ಕೂಲರ್ ಎಲ್ಲಕ್ಕೂ ಬೆಲೆ ಜಾಸ್ತಿ. ಕೆಟ್ಟರೆ ಶಿವಮೊಗ್ಗದ ಅಂಗಡಿಯಲ್ಲಿ ಬದಲಿ ಸಿಗುವುದೂ ಕಷ್ಟ. 244 ಮಿಲಿಮೀಟರಿನ ಮೈಕ್ರೋ ಎಟಿಎಕ್ಸ್ ಬೋರ್ಡು ಹಿಡಿಯುವ, ಮಲಗಿಸಿ ಇಡಬಹುದಾದ ಕ್ಯಾಬಿನೆಟ್ ಸಿಕ್ಕರೆ ಅದೇ ಮೇಲು. ಕೊಳ್ಳುವ ಮೊದಲು ಕಾರ್ಡಿನ ಉದ್ದ, ಕೂಲರಿನ ಎತ್ತರ, ಗೂಡಿನ ಆಳ ಮೂರನ್ನೂ ಬರೆದಿಟ್ಟುಕೋ. ಎಚ್‌ಡಿಎಂಐ ಕೇಬಲಿನ ತಲೆ ಹಿಂದಕ್ಕೆ ಚಾಚಿಕೊಳ್ಳಲು ಎರಡಿಂಚು ಬೇಕು, ಅದನ್ನು ಅಳತೆಗೆ ಸೇರಿಸುವವರು ಕಡಿಮೆ.

ದೊಡ್ಡ ಆಟಗಳು ನಿನಗೆ ಅಷ್ಟೇನೂ ಬೇಕಿಲ್ಲ ಅನ್ನಿಸಿದರೆ ಕಾರ್ಡೇ ಇಲ್ಲದ ದಾರಿಯೂ ಇದೆ. 2024ರಲ್ಲಿ ಬಂದ ರೈಜನ್ 5 8600ಜಿ, ರೈಜನ್ 7 8700ಜಿ ಪ್ರೊಸೆಸರುಗಳು 65 ವ್ಯಾಟಿನವು, ಹಗುರವಾದ ಆಟಗಳನ್ನು 1080ರಲ್ಲಿ ನಡೆಸುವಷ್ಟು ಗ್ರಾಫಿಕ್ಸ್ ಒಳಗೇ ಇದೆ. ಅದನ್ನು ಆರಿಸಿದರೆ ರ್ಯಾಮ್ ಎರಡು ಕಡ್ಡಿಯಾಗಿ ಹಾಕು, ಒಂದೇ ಕಡ್ಡಿಯಲ್ಲಿ ಅದರ ವೇಗ ಕುಸಿಯುತ್ತದೆ. ರ್ಯಾಮ್ ಬೆಲೆ 2025ರ ಕೊನೆಯಿಂದ ಏರಿಬಿಟ್ಟಿದೆ, ಹಾಗಾಗಿ ಹಳೆಯ ಬೆಲೆ ನಂಬಿ ಬಜೆಟ್ ಹಾಕಬೇಡ. ಆಫೀಸುಗಳಿಂದ ಬಿಡುಗಡೆಯಾದ ಹಳೆಯ ಡೆಸ್ಕ್‌ಟಾಪ್ ಕೊಂಡು ಕಾರ್ಡು ಸಿಕ್ಕಿಸುವ ಯೋಚನೆಯನ್ನೂ ನೀನು ಬರೆದಿದ್ದೆ. ಬೋರ್ಡಿನ ಸ್ಲಾಟಿನಿಂದಲೇ 75 ವ್ಯಾಟಿನೊಳಗೆ ನಡೆಯುವ ಗಿಡ್ಡ ಕಾರ್ಡು ಹಾಕುವುದಾದರೆ ಅದು ಒಳ್ಳೆಯ ಯೋಚನೆಯೇ. ಒಂದು ಎಚ್ಚರ: 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ, ಆ ಯಂತ್ರ ವಿಂಡೋಸ್ 11 ಒಪ್ಪುತ್ತದೆಯೇ ಅಂತ ಅಲ್ಲೇ ನೋಡಿಕೋ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಳ್ಳುವಾಗ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಇಲ್ಲದೆ ಅಂಗಡಿಯ ಮೆಟ್ಟಿಲು ಇಳಿಯಬೇಡ.

ಈಗ ಕರೆಂಟಿನ ಮಾತು. ಇದರಲ್ಲಿ ಒಂದಿಷ್ಟೂ ಸಡಿಲ ಬಿಡಬೇಡ. ಕಂಪ್ಯೂಟರಿನ ಪವರ್ ಸಪ್ಲೈಗೆ ಒಳ್ಳೆಯ ಅರ್ಥಿಂಗ್ ಬೇಕು. ಕ್ಯಾಬಿನೆಟ್ಟಿನ ಲೋಹ ಮುಟ್ಟಿದಾಗ ಜುಮ್ಮೆನ್ನಿಸಿದರೆ ಅರ್ಥಿಂಗ್ ಇಲ್ಲ ಅಂತಲೇ ತಿಳಿ. ಆ ಸೋರಿಕೆ ಎಚ್‌ಡಿಎಂಐ ಕೇಬಲಿನ ಲೋಹದ ಕವಚದ ಮೂಲಕ ಟಿವಿಗೂ ಹೋಗುತ್ತದೆ. ಕೇಬಲ್ ಟಿವಿ ಅಥವಾ ಡಿಶ್‌ನ ತಂತಿ ಇನ್ನೊಂದು ಕಡೆಯಿಂದ ಬಂದು ಸೇರಿದಾಗ, ಎರಡರ ಅರ್ಥಿನ ವೋಲ್ಟೇಜ್ ಬೇರೆಬೇರೆಯಾಗಿದ್ದರೆ ಮೊದಲು ಸಾಯುವುದು ಎಚ್‌ಡಿಎಂಐ ಪೋರ್ಟು. ನನ್ನ ಬೆಂಚಿಗೆ ಬಂದ ಟಿವಿಗಳಲ್ಲಿ ಈ ಸಾವು ಸಾಮಾನ್ಯ, ಅದಕ್ಕೆ ಬೋರ್ಡೇ ಬದಲಿಸಬೇಕಾಗಿ ಬರುವುದೂ ಉಂಟು. ಟಿವಿ, ಕಂಪ್ಯೂಟರ್, ಸೆಟ್‌ಟಾಪ್ ಬಾಕ್ಸ್, ಸ್ಪೀಕರು ಎಲ್ಲವೂ ಒಂದೇ ಸಾಕೆಟ್ಟಿನಿಂದ, ಒಂದೇ ಅರ್ಥಿನಿಂದ ಬರಲಿ. ಕೇಬಲ್ ಸಿಕ್ಕಿಸುವಾಗ ಎಲ್ಲದರ ಸ್ವಿಚ್ಚೂ ಆಫ್ ಆಗಿರಲಿ.

ಏಪ್ರಿಲ್, ಮೇ ತಿಂಗಳ ಗುಡುಗುಮಳೆ ನಿಮ್ಮೂರಲ್ಲಿ ಹೇಗೆ ಬರುತ್ತದೆ ಅಂತ ನಿನಗೆ ಗೊತ್ತು. ಸರ್ಜ್ ತಡೆಯುವ ಬೋರ್ಡು ಸಣ್ಣಪುಟ್ಟ ಏರಿಳಿತಕ್ಕೆ ಸರಿ, ಹತ್ತಿರ ಬಿದ್ದ ಸಿಡಿಲಿಗೆ ಪ್ಲಗ್ ಕಿತ್ತಿಡುವುದೊಂದೇ ಮದ್ದು. ಡಿಶ್‌ನ ತಂತಿಯನ್ನೂ ಕಿತ್ತಿಡಬೇಕು, ಸಿಡಿಲು ಅಲ್ಲಿಂದಲೂ ಒಳಗೆ ಬರುತ್ತದೆ. ಈ ಕೆಲಸ ಅಜ್ಜಿಗೂ ಸುಲಭವಾಗುವಂತೆ ಪ್ಲಗ್ಗುಗಳನ್ನು ಕೈಗೆಟುಕುವ ಎತ್ತರದಲ್ಲಿ ಇಡಿಸು, ಶೋಕೇಸಿನ ಹಿಂದೆ ಹುದುಗಿಸಬೇಡ. ಮನೆಯ ಇನ್ವರ್ಟರಿಗೆ ಕಂಪ್ಯೂಟರ್ ಸೇರಿಸುವುದಾದರೆ ಅದರ ಹಿಂದೆ ಯುಪಿಎಸ್ ಮೋಡ್ ಇದೆಯೇ ನೋಡು, ಇದ್ದರೆ ಅದನ್ನೇ ಹಾಕು. ಮಾಮೂಲಿ ಮೋಡ್‌ನಲ್ಲಿ ಕರೆಂಟು ಬದಲಾಗುವಾಗ ಫ್ಯಾನು, ಬಲ್ಬು ತಡೆದುಕೊಳ್ಳುತ್ತವೆ, ಕಂಪ್ಯೂಟರ್ ಆರಿಹೋಗುತ್ತದೆ. ಬೇರೆ ಯುಪಿಎಸ್ ಕೊಳ್ಳುವೆಯಾದರೆ ಪ್ಯೂರ್ ಸೈನ್‌ವೇವ್ ಕೊಡುವಂಥದ್ದನ್ನೇ ಕೇಳು, ಅಗ್ಗದ ಯುಪಿಎಸ್ ಕೊಡುವ ಮೆಟ್ಟಿಲು ಮೆಟ್ಟಿಲಾದ ಅಲೆಯನ್ನು ಈಗಿನ ಕೆಲವು ಪವರ್ ಸಪ್ಲೈಗಳು ಒಪ್ಪುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಟಿವಿಯ ಸೆಟ್ಟಿಂಗ್‌ಗೆ ಒಂದು ಸಂಜೆ ಇಡು. ಎಚ್‌ಡಿಎಂಐ ತಂತಿಯನ್ನು ಮದರ್‌ಬೋರ್ಡಿಗೆ ಹಾಕದೆ ಗ್ರಾಫಿಕ್ಸ್ ಕಾರ್ಡಿಗೇ ಹಾಕು. ನಿಮ್ಮ 60 ಹರ್ಟ್ಸಿನ ಟಿವಿಗೆ 18 ಗಿಗಾಬಿಟ್ ಹಾಯಿಸುವ ಕೇಬಲ್ ಸಾಕು, 48 ಗಿಗಾಬಿಟ್ಟಿನದಕ್ಕೆ ಹಣ ಹಾಕಬೇಡ. ಆ ಇನ್‌ಪುಟ್ಟಿಗೆ ಗೇಮ್ ಮೋಡ್ ಹಾಕು, ಇಲ್ಲದಿದ್ದರೆ ಟಿವಿ ಚಿತ್ರವನ್ನು ತಿದ್ದಿ ತೀಡುತ್ತ ತಡಮಾಡುತ್ತದೆ, ಬಟನ್ ಒತ್ತಿ ತುಸು ಹೊತ್ತಾದ ಮೇಲೆ ಆಟಗಾರ ನೆಗೆಯುತ್ತಾನೆ. ಚಿತ್ರದ ಅಂಚುಗಳು ಕತ್ತರಿಸಿದಂತೆ ಕಂಡರೆ ಓವರ್‌ಸ್ಕ್ಯಾನ್ ತೆಗೆ. ಕಪ್ಪು ಬೂದಿಯಾಗಿ ಕಂಡರೆ ಅಥವಾ ನೆರಳಿನಲ್ಲಿರುವ ಮುಖವೇ ಕಾಣದಿದ್ದರೆ ಕಂಪ್ಯೂಟರ್, ಟಿವಿ ಇವೆರಡರಲ್ಲಿ ಒಂದು 0ಯಿಂದ 255ರವರೆಗೆ, ಇನ್ನೊಂದು 16ರಿಂದ 235ರವರೆಗೆ ಲೆಕ್ಕ ಹಿಡಿದು ಕೂತಿರುತ್ತದೆ; ಎರಡೂ ಕಡೆ ಒಂದೇ ಆಗಿರಲಿ.

ಸಿನಿಮಾದ ಚಲನೆಯ ಮಾತು ನನಗೆ ತುಂಬ ಮುಖ್ಯ. ಸಿನಿಮಾ ಸೆಕೆಂಡಿಗೆ 24 ಚಿತ್ರ. ಅದನ್ನು 60 ಹರ್ಟ್ಸಿನಲ್ಲಿ ತೋರಿಸಿದರೆ ಒಂದು ಚಿತ್ರ ಎರಡು ಬಾರಿ, ಮುಂದಿನದು ಮೂರು ಬಾರಿ ಬರುತ್ತದೆ. ಕ್ಯಾಮೆರಾ ನಿಧಾನವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗುವ ದೃಶ್ಯದಲ್ಲಿ ಕುಂಟುವುದು ಕಾಣುತ್ತದೆ. ಕೋಡಿ ಪ್ಲೇಯರಿನಲ್ಲಿ ವಿಡಿಯೋಕ್ಕೆ ತಕ್ಕಂತೆ ಟಿವಿಯ ವೇಗ ಬದಲಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡು, ಟಿವಿ ತಾನಾಗಿ 24ಕ್ಕೆ ಹೋಗುತ್ತದೆ. ಅದೇ ಆಯ್ಕೆ ಇನ್ನೊಂದು ಉಪಕಾರ ಮಾಡುತ್ತದೆ. ನಮ್ಮ ದೇಶದ ಹಳೆಯ ವಿಡಿಯೋ ಎಲ್ಲ ಪಾಲ್ ಪದ್ಧತಿಯದು, ಸೆಕೆಂಡಿಗೆ 25 ಚಿತ್ರ, 50 ಅರೆಚಿತ್ರ. ನಿನ್ನ ಅಪ್ಪ ಅಮ್ಮನ ಮದುವೆಯ ಕ್ಯಾಸೆಟ್ಟೂ ಹಾಗೇ. ಅದು 50 ಹರ್ಟ್ಸಿನಲ್ಲೇ ಸರಾಗವಾಗಿ ಓಡುತ್ತದೆ. ಆ ಕ್ಯಾಸೆಟ್ಟಿನ ಕಾಂತದ ಲೇಪ ವರ್ಷ ವರ್ಷಕ್ಕೆ ಸಡಿಲಾಗುತ್ತಿದೆ, ಮಲೆನಾಡಿನ ತೇವಕ್ಕೆ ಬೂಷ್ಟು ಬೇರೆ. ಓಡುವ ವಿಸಿಆರ್ ಇನ್ನೂ ನನ್ನ ಹತ್ತಿರ ಇದೆ. ಆಟದ ಕಂಪ್ಯೂಟರ್ ಮಾಡಿದ ಮೇಲೆ ಅದರ ಮೊದಲ ದೊಡ್ಡ ಕೆಲಸ ಆ ಕ್ಯಾಸೆಟ್ಟನ್ನು ಉಳಿಸುವುದಾಗಲಿ. ಅಜ್ಜ ಮಾತಾಡುವುದು ಅದೊಂದರಲ್ಲೇ ಇರುವುದು.

ಧ್ವನಿಗೆ ಹೋಮ್ ಥಿಯೇಟರ್ ಅಂತ ಹೆಸರಿಟ್ಟು ಮಾರುವ ಪೆಟ್ಟಿಗೆಗಳ ಎಣಿಕೆ ನೋಡಬೇಡ. ಅಜ್ಜಿಗೆ ಕಿವಿ ಮಂದವಾಗುತ್ತಿದೆ. ಅವಳಿಗೆ ಬೇಕಾದದ್ದು ಗುಡುಗಲ್ಲ, ಮಾತು. 5.1ರಲ್ಲಿ ಮಾತು ಬರುವುದು ಹೆಚ್ಚಾಗಿ ನಡುವಿನ ಸ್ಪೀಕರಿನಿಂದ. ಆದ್ದರಿಂದ ಒಳ್ಳೆಯ ಸೆಂಟರ್ ಸ್ಪೀಕರಿಗೆ ಮೊದಲ ಹಣ. ಅಷ್ಟು ಸಾಧ್ಯವಿಲ್ಲದಿದ್ದರೆ ಎರಡೇ ಒಳ್ಳೆಯ ಸ್ಪೀಕರು ಕೊಂಡು, ಅವೆರಡು ಮತ್ತು ಕೂತವರ ತಲೆ ಸೇರಿ ಸಮಬಾಹು ತ್ರಿಕೋನ ಆಗುವಂತೆ ಇಡು. ಅಗ್ಗದ ಆರು ಪೆಟ್ಟಿಗೆಗಿಂತ ಅದು ಚೆನ್ನ. ಸೌಂಡ್‌ಬಾರ್ ಆದರೆ ಟಿವಿಯ ಧ್ವನಿಯನ್ನು ಎಚ್‌ಡಿಎಂಐ ತಂತಿಯಲ್ಲೇ ತರುವ ಇಆರ್ಕ್ ಇದೆಯೇ ನೋಡು. ಹಳೆಯ ಆಪ್ಟಿಕಲ್ ತಂತಿಯಲ್ಲಿ ಹಿಂಡಿದ 5.1ರವರೆಗೆ ಮಾತ್ರ ಹಾಯುತ್ತದೆ. ಎಪ್ಪತ್ತರ ದಶಕದ ಕನ್ನಡ ಚಿತ್ರಗಳ ಧ್ವನಿ ಬಹುತೇಕ ಮೋನೊ. ಅವನ್ನು ಹಾಕಿದಾಗ ಎಲ್ಲ ದಿಕ್ಕಿಗೂ ಹರಡುವ ಎಫೆಕ್ಟುಗಳನ್ನು ಆಫ್ ಮಾಡು, ರಾಜ್‌ಕುಮಾರ್ ಮಾತು ಗೋಡೆಯೊಳಗಿಂದ ಬಂದ ಹಾಗೆ ಕೇಳಬಾರದು. ಹಾಲ್‌ನಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟು. ಟೈಲ್ಸು, ಬರಿ ಗೋಡೆ, ಗಾಜು ಇರುವುದರಿಂದ ಅದು ಝಣಗುಟ್ಟುತ್ತದೆ. ದಪ್ಪ ಪರದೆ, ನೆಲಕ್ಕೆ ಜಮಖಾನ, ಒಂದು ಗೋಡೆಗೆ ಪುಸ್ತಕದ ಕಪಾಟು, ಇಷ್ಟಾದರೆ ಮಾತು ತಿಳಿಯಾಗುತ್ತದೆ. ರಾತ್ರಿ ಹತ್ತರ ಮೇಲೆ ಸಬ್‌ವೂಫರ್ ಬೇಡ, ಪಕ್ಕದ ಮನೆಯಲ್ಲಿ ಎಸ್ಸೆಸ್ಸೆಲ್ಸಿಗೆ ಓದುವ ಹುಡುಗ ಇದ್ದಾನೆ.

ನೀನಿಲ್ಲದ ದಿನ ಇದನ್ನು ನಡೆಸುವವರು ಯಾರು ಅಂತ ಈಗಲೇ ಯೋಚಿಸು. ಒಟಿಟಿ ಸಿನಿಮಾಗಳನ್ನು ಟಿವಿಯ ಆ್ಯಪ್‌ನಲ್ಲೇ ನೋಡಲಿ, ಕಂಪ್ಯೂಟರಿನ ಬ್ರೌಸರಿಗೆ ಅನೇಕ ಒಟಿಟಿಗಳು ಪೂರ್ಣ ಗುಣಮಟ್ಟದ ಚಿತ್ರ ಕೊಡುವುದಿಲ್ಲ, ಲಿನಕ್ಸ್ ಆದರೆ ಇನ್ನೂ ಕಡಿಮೆ. ಕಂಪ್ಯೂಟರ್ ಇರುವುದು ಆಟಕ್ಕೆ ಮತ್ತು ಮನೆಯದೇ ಸಂಗ್ರಹಕ್ಕೆ. ಸೆಟ್‌ಟಾಪ್ ಬಾಕ್ಸಿನ ಹಾಗೆ ಅದು ಟಿವಿ ರಿಮೋಟಿಗೆ ಓಗೊಡದು, ಗ್ರಾಫಿಕ್ಸ್ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಆ ಸೌಲಭ್ಯ ಇರುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಸಣ್ಣ ರಿಸೀವರಿನ ರಿಮೋಟೊಂದು ತಾ. ಆ ರಿಸೀವರನ್ನು ಯುಎಸ್‌ಬಿ 3 ಪೋರ್ಟಿನ ಪಕ್ಕ ಇಡಬೇಡ. ಆ ಪೋರ್ಟುಗಳು 2.4 ಗಿಗಾಹರ್ಟ್ಸಿನಲ್ಲಿ ಗದ್ದಲ ಎಬ್ಬಿಸುತ್ತವೆ ಅಂತ ಇಂಟೆಲ್ 2012ರಲ್ಲೇ ಬರೆದಿಟ್ಟಿದೆ. ಒಂದು ಮೊಳದ ಎಕ್ಸ್‌ಟೆನ್ಷನ್ ತಂತಿ ಹಾಕಿ ಮುಂದಕ್ಕೆ ತಂದರೆ ತೊಡಕು ಹೋಗುತ್ತದೆ. ಆನ್ ಮಾಡಿದೊಡನೆ ಪಾಸ್‌ವರ್ಡ್ ಕೇಳದೆ ದೊಡ್ಡ ಅಕ್ಷರದ ಪರದೆ ಬರಲಿ: ಆಟಕ್ಕೆ ಸ್ಟೀಮ್‌ನ ಬಿಗ್ ಪಿಕ್ಚರ್, ಸಿನಿಮಾಕ್ಕೆ ಕೋಡಿ. ಹಾಗೆ ತೆರೆದಿಟ್ಟ ಯಂತ್ರದಲ್ಲಿ ನಿನ್ನ ಬ್ಯಾಂಕು, ಇಮೇಲ್ ಯಾವುದೂ ಇರಬಾರದು. ಲಿನಕ್ಸ್ ಹಾಕಿದರೆ ಕನ್ನಡದ ನೋಟೊ ಫಾಂಟ್ ಸೇರಿಸು, ಇಲ್ಲದಿದ್ದರೆ ಕಡತದ ಹೆಸರುಗಳೆಲ್ಲ ಖಾಲಿ ಚೌಕಗಳಾಗಿ ಕಾಣುತ್ತವೆ. ವಿಂಡೋಸ್ ಮೀಡಿಯಾ ಸೆಂಟರನ್ನು ನಂಬಿ ಎಷ್ಟೋ ಮನೆಗಳು ಹಾಲ್ ಕಂಪ್ಯೂಟರ್ ಕಟ್ಟಿದ್ದವು, 2015ರಲ್ಲಿ ವಿಂಡೋಸ್ 10 ಬಂದಾಗ ಅದನ್ನೇ ಕೈಬಿಟ್ಟರು. ಆದ್ದರಿಂದ ನಿನ್ನ ಸಂಗ್ರಹ ಯಾವ ಪ್ಲೇಯರಿನಲ್ಲೂ ತೆರೆಯುವ ಸಾದಾ ವಿಡಿಯೋ ಕಡತಗಳಾಗಿಯೇ ಇರಲಿ, ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಬೇರೆ ಮನೆಯಲ್ಲಿರಲಿ. ನಮ್ಮನೆಯಲ್ಲಿ ಇಟ್ಟರೆ ಜೋಪಾನ ಮಾಡುತ್ತೇನೆ.

ಕಾರ್ಡಿನಲ್ಲಿ ಉಳಿಸಿದ ಹಣದಲ್ಲಿ ಮೊದಲು ಇನ್ನೊಂದು ಕಂಟ್ರೋಲರ್ ತಾ. ಒಬ್ಬಳೇ ಹೆಡ್‌ಫೋನ್ ಹಾಕಿಕೊಂಡು ಆಡುವುದಾದರೆ ಹಾಲ್ ಯಾಕೆ ಬೇಕು? ಇಬ್ಬರು ಪಕ್ಕಪಕ್ಕ ಕೂತು ಆಡುವಂಥವು ಎಷ್ಟೋ ಇವೆ. 2021ರ ‘ಇಟ್ ಟೇಕ್ಸ್ ಟು’ ಇಬ್ಬರಿಲ್ಲದೆ ಆಡಲಿಕ್ಕೇ ಬಾರದ ಆಟ, ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅಂತ ಅದಕ್ಕೇ ಪ್ರಶಸ್ತಿ ಬಂತು. ನಿನ್ನ ತಮ್ಮನನ್ನು ಕೂರಿಸಿಕೋ. ನಿನ್ನ ಅಪ್ಪನ ಕೈಗೂ ಒಮ್ಮೆ ಕೊಡು, ಕ್ರಿಕೆಟ್ ಆಟವಾದರೆ ಅವರು ಖಂಡಿತ ಬೇಡ ಅನ್ನುವುದಿಲ್ಲ.

ದೀಪಾವಳಿಗೆ ಬರುವಾಗ ಕಂಪ್ಯೂಟರನ್ನು ಇಡಿಯಾಗಿ ಹೊತ್ತು ತರಬೇಡ. ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಅದರದೇ ಪೆಟ್ಟಿಗೆಯಲ್ಲಿ ಇಟ್ಟುಕೋ, ರೈಲಿನ ಕುಲುಕಾಟಕ್ಕೆ ಅದರ ಭಾರ ಬೋರ್ಡಿನ ಸ್ಲಾಟನ್ನು ಮುರಿಯಬಹುದು. ಅಷ್ಟರೊಳಗೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ನಿಮ್ಮ ಮನೆಯ ಅರ್ಥಿಂಗ್ ನಾನು ನೋಡಿಸಿರುತ್ತೇನೆ. ನೀನು ಸೋಫಾದಿಂದ ಟಿವಿಗೆ ಎಷ್ಟು ದೂರ ಅಂತ ಅಮ್ಮನಿಂದ ಅಳೆಸಿ ಈ ವಾರವೇ ನನಗೆ ತಿಳಿಸು.